ಸೋಯಾ, ಗೋಧಿ, ಮೆಕ್ಕೆಜೋಳ ಬಿಟ್ಟು ಮನೆಯಲ್ಲೇ ಕೋಳಿ ಆಹಾರ ಬೆರೆಸುವುದು ಹೇಗೆ?

ಮೊಟ್ಟೆ ಕೋಳಿಗೆ ಸಿಗುವ ರೆಡಿಮೇಡ್ ಆಹಾರದ ಚೀಲ ತಿರುಗಿಸಿ ಓದಿದರೆ ಹೆಚ್ಚಾಗಿ ಕಾಣುವುದು ಎರಡು ಹೆಸರು: ಮೆಕ್ಕೆಜೋಳ, ಸೋಯಾ ಹಿಂಡಿ. ಅವುಗಳ ಹಿಂದೆ ಗೋಧಿ ಬೂಸಾ, ಮೀನಿನ ಪುಡಿ, ಕಡಲೆಕಾಯಿ ಹಿಂಡಿ ಬರಬಹುದು. ಮನೆಯವರಲ್ಲಿ ಒಬ್ಬರಿಗೆ ಇವುಗಳಲ್ಲಿ ಯಾವುದೋ ಒಂದು ಆಗುವುದಿಲ್ಲ ಎಂದಾಗ ಆ ಚೀಲ ತರುವುದೇ ತಲೆನೋವು. ಆಗ ಆಹಾರವನ್ನು ನಾವೇ ಬೆರೆಸೋಣ ಅನ್ನಿಸುತ್ತದೆ.

ಬೆರೆಸಬಹುದು. ಆದರೆ ಚೀಲದಿಂದ ಸೋಯಾ ತೆಗೆಯುವುದು ಸುಲಭ, ಸೋಯಾ ಮಾಡುತ್ತಿದ್ದ ಕೆಲಸವನ್ನು ಬೇರೆಯವರಿಗೆ ವಹಿಸುವುದು ಕಷ್ಟ. ಸುಮ್ನೆ ನಾಲ್ಕು ಕಾಳು ಬೆರೆಸಿ ಹಾಕಿದರೆ ಕೋಳಿ ತಿನ್ನುತ್ತದೆ, ಖುಷಿಯಾಗಿಯೇ ತಿನ್ನುತ್ತದೆ. ತೊಂದರೆ ಕಾಣುವುದು ಕೆಲವು ವಾರಗಳ ನಂತರ, ತೆಳು ಚಿಪ್ಪಿನಲ್ಲಿ, ಉದುರಿದ ಪುಕ್ಕದಲ್ಲಿ.

ಮೊದಲು: ಅಲರ್ಜಿ ಯಾರಿಗೆ, ಯಾವುದಕ್ಕೆ?

ಇದನ್ನು ಬಿಡಿಸಿಕೊಳ್ಳದೆ ಕಾಳು ತರಲು ಹೋಗಬೇಡಿ.

ಮೊಟ್ಟೆಗೇ ಅಲರ್ಜಿ ಇರುವವರಿಗೆ ಕೋಳಿಯ ಆಹಾರ ಬದಲಿಸಿ ಏನೂ ಪ್ರಯೋಜನವಿಲ್ಲ. ಆ ಅಲರ್ಜಿಗೆ ಕಾರಣ ಓವೊಮ್ಯುಕಾಯ್ಡ್, ಓವಾಲ್ಬ್ಯುಮಿನ್‌ನಂಥ ಮೊಟ್ಟೆಯದ್ದೇ ಪ್ರೊಟೀನ್‌ಗಳು. ಕೋಳಿ ಏನೇ ತಿಂದರೂ ಅವು ಮೊಟ್ಟೆಯಲ್ಲಿ ಇದ್ದೇ ಇರುತ್ತವೆ. ‘ಸೋಯಾ ಇಲ್ಲದ ಮೊಟ್ಟೆ, ಎಲ್ಲರೂ ತಿನ್ನಬಹುದು’ ಎಂಬ ಮಾತು ಕೇಳಿದರೆ ನಂಬಬೇಡಿ.

ಎರಡನೆಯದು, ಸೋಯಾ, ಗೋಧಿ ಅಥವಾ ಕಡಲೆಕಾಯಿಗೆ ಅಲರ್ಜಿ ಇರುವವರು ಕೋಳಿಗೆ ಮೇವು ಹಾಕುವ ಸಂದರ್ಭ. ನನ್ನ ಲೆಕ್ಕದಲ್ಲಿ ನಿಜವಾದ ಅಪಾಯ ಇಲ್ಲಿದೆ. ಚೀಲ ಸುರಿಯುವಾಗ ಏಳುವ ಧೂಳು ಮೂಗಿಗೆ, ಬಾಯಿಗೆ ಹೋಗುತ್ತದೆ. ಕೈಗೆ, ಬಟ್ಟೆಗೆ ಅಂಟುತ್ತದೆ, ಅಲ್ಲಿಂದ ಅಡುಗೆ ಮನೆಗೆ ಬರುತ್ತದೆ. ಸೀಲಿಯಾಕ್ ಕಾಯಿಲೆ (ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೊಟೀನ್‌ನಿಂದ ಕರುಳು ಹಾಳಾಗುವ ರೋಗ) ಅಲರ್ಜಿಯಲ್ಲ, ಆದರೂ ಅದಿರುವವರಿಗೆ ಗೋಧಿಯ ಧೂಳು ಬಾಯಿಗೆ ಹೋಗುವುದು ಒಳ್ಳೆಯದಲ್ಲ. ಇಂಥವರ ಮನೆಯಲ್ಲಿ ಆಹಾರವನ್ನೇ ಬದಲಿಸುವುದರಲ್ಲಿ ಅರ್ಥವಿದೆ.

ಮೂರನೆಯದು, ಕೋಳಿ ತಿಂದದ್ದು ಮೊಟ್ಟೆಯ ಮೂಲಕ ನಮಗೆ ಬರುತ್ತದೆಯೇ ಎಂಬ ಅನುಮಾನ. ಕೋಳಿ ತಿಂದ ಪ್ರೊಟೀನ್ ಅದರ ಹೊಟ್ಟೆಯಲ್ಲಿ ಅಮೈನೊ ಆಮ್ಲಗಳಾಗಿ, ಅಂದರೆ ಪ್ರೊಟೀನ್ ಕಟ್ಟುವ ಸಣ್ಣ ತುಣುಕುಗಳಾಗಿ ಒಡೆಯುತ್ತದೆ. ಸೋಯಾದ ಐಸೊಫ್ಲಾವೋನ್ ಎಂಬ ಅಂಶ ಹಳದಿ ಭಾಗಕ್ಕೆ ಬರುತ್ತದೆ, ಇದು ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಅಲರ್ಜಿ ಎಬ್ಬಿಸುವುದು ಸೋಯಾದ ಪ್ರೊಟೀನ್, ಐಸೊಫ್ಲಾವೋನ್ ಅಲ್ಲ. ಹಾಗಿದ್ದರೂ ‘ಆ ಮೊಟ್ಟೆ ತಿಂದರೆ ಆಗಲ್ಲ, ಈ ಮೊಟ್ಟೆ ಆಗುತ್ತೆ’ ಎನ್ನುವವರು ಇದ್ದಾರೆ. ಅಂಥವರು ಪರೀಕ್ಷೆ ಮಾಡಿ ನೋಡಬಹುದು. ಆದರೆ ಹಿಂದೆ ಒಮ್ಮೆಯಾದರೂ ಉಸಿರು ಕಟ್ಟಿದ, ಮುಖ ಊದಿದ ಅನುಭವ ಇದ್ದರೆ ವೈದ್ಯರನ್ನು ಕೇಳದೆ ಮನೆಯಲ್ಲಿ ಪ್ರಯೋಗ ಬೇಡ.

ಯಾವುದು ಆಗುವುದಿಲ್ಲ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಅಷ್ಟನ್ನೇ ತೆಗೆಯಿರಿ. ಗೋಧಿ ಮಾತ್ರ ಆಗದವರು ಸೋಯಾ, ಮೆಕ್ಕೆಜೋಳವನ್ನೂ ಬಿಟ್ಟು ಒದ್ದಾಡಬೇಕಿಲ್ಲ. ಬಿಟ್ಟದ್ದು ಜಾಸ್ತಿಯಾದಷ್ಟೂ ಲೆಕ್ಕ ಬಿಗಿಯಾಗುತ್ತದೆ.

ಕೋಳಿಗೆ ಬೇಕಾದದ್ದು ಎಷ್ಟು?

ಮೊಟ್ಟೆ ಇಡುವ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತದೆ. ಆ ಆಹಾರದಲ್ಲಿ ಶೇ. 16ರಿಂದ 17ರಷ್ಟು ಪ್ರೊಟೀನ್ ಬೇಕು. ಕ್ಯಾಲ್ಸಿಯಂ ಶೇ. 3.5ರಿಂದ 4, ಬಳಕೆಗೆ ಸಿಗುವ ರಂಜಕ ಶೇ. 0.35ರಿಂದ 0.4 ಇರಬೇಕು. ಒಂದು ಮೊಟ್ಟೆಯ ಚಿಪ್ಪಿಗೇ ಎರಡು ಗ್ರಾಂಗಿಂತ ಸ್ವಲ್ಪ ಜಾಸ್ತಿ ಕ್ಯಾಲ್ಸಿಯಂ ಹೋಗುತ್ತದೆ. ಕಾಳುಗಳಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಪ್ರೊಟೀನ್ ಎಷ್ಟು ಎಂಬುದಕ್ಕಿಂತ ಅದರೊಳಗೆ ಏನಿದೆ ಎಂಬುದು ಮುಖ್ಯ. ಕೋಳಿಗೆ ಮೊದಲು ಕೊರತೆಯಾಗುವ ಅಮೈನೊ ಆಮ್ಲ ಮೆಥಿಯೊನಿನ್, ಆಮೇಲೆ ಲೈಸಿನ್. ಇಡೀ ಆಹಾರದಲ್ಲಿ ಮೆಥಿಯೊನಿನ್ ಶೇ. 0.38ರ ಆಸುಪಾಸು, ಲೈಸಿನ್ ಶೇ. 0.75ರ ಆಸುಪಾಸು ಇದ್ದರೆ ಮನೆ ಕೋಳಿಗೆ ಸಾಕು. ಬೇಳೆಕಾಳುಗಳಲ್ಲಿ ಲೈಸಿನ್ ಚೆನ್ನಾಗಿದೆ, ಮೆಥಿಯೊನಿನ್ ಕಡಿಮೆ. ಸೂರ್ಯಕಾಂತಿ ಹಿಂಡಿಯಲ್ಲಿ ಇದು ಉಲ್ಟಾ. ಹಾಗಾಗಿ ಎರಡನ್ನೂ ಜೋಡಿ ಮಾಡಿದರೆ ಸೋಯಾದ ಜಾಗ ಬಹುಮಟ್ಟಿಗೆ ತುಂಬುತ್ತದೆ. ಈ ಲೇಖನದ ಮಿಶ್ರಣ ನಿಂತಿರುವುದೇ ಈ ಜೋಡಿಯ ಮೇಲೆ.

ಇದೆಲ್ಲ ಮೊಟ್ಟೆ ಇಡುವ ಕೋಳಿಗೆ ಮಾತ್ರ. ಮರಿಗಳಿಗೆ ಈ ಆಹಾರ ಹಾಕಬೇಡಿ. ಮರಿಗೆ ಶೇ. 20ರಷ್ಟು ಪ್ರೊಟೀನ್ ಬೇಕು, ಕ್ಯಾಲ್ಸಿಯಂ ಶೇ. 1 ಸಾಕು. ದೊಡ್ಡ ಕೋಳಿಯ ಕ್ಯಾಲ್ಸಿಯಂ ಮರಿಯ ಮೂತ್ರಪಿಂಡವನ್ನು ಹಾಳು ಮಾಡುತ್ತದೆ. ಹುಂಜಗಳಿಗೂ ಇಷ್ಟು ಕ್ಯಾಲ್ಸಿಯಂ ಬೇಡ, ಆದರೆ ಒಂದೇ ಗೂಡಿನಲ್ಲಿ ಬೇರೆ ಬೇರೆ ಹಾಕುವುದು ಹೇಳಿದಷ್ಟು ಸುಲಭವಲ್ಲ. ಹುಂಜ ಇದ್ದರೆ ಕ್ಯಾಲ್ಸಿಯಂ ಕೊಡುವ ಸುಣ್ಣದ ಕಲ್ಲಿನ ಹೆಚ್ಚಿನ ಪಾಲನ್ನು ಪ್ರತ್ಯೇಕ ಬಟ್ಟಲಿನಲ್ಲಿ ಇಡಿ. ಹೇಂಟೆಗಳು ತಮಗೆ ಬೇಕಾದಷ್ಟು ಹೆಕ್ಕಿಕೊಳ್ಳುತ್ತವೆ.

ಸಾಮಗ್ರಿ ಆರಿಸುವಾಗ

ಶಕ್ತಿ ಕೊಡುವ ಧಾನ್ಯಕ್ಕೆ ಜೋಳ ಮತ್ತು ಸಜ್ಜೆ ಒಳ್ಳೆಯ ಆಯ್ಕೆ. ಎರಡರಲ್ಲೂ ಗ್ಲುಟೆನ್ ಇಲ್ಲ. ಜೋಳದಲ್ಲಿ ಪ್ರೊಟೀನ್ ಶೇ. 9ರಿಂದ 10, ಸಜ್ಜೆಯಲ್ಲಿ ಶೇ. 11ರಿಂದ 12. ಬಿಳಿ ಜೋಳವೇ ಇರಲಿ. ಗಾಢ ಕೆಂಪು, ಕಂದು ಬಣ್ಣದ ಕೆಲವು ತಳಿಗಳಲ್ಲಿ ಟ್ಯಾನಿನ್ ಜಾಸ್ತಿ, ಅದು ಪ್ರೊಟೀನ್ ಜೀರ್ಣವಾಗಲು ಬಿಡುವುದಿಲ್ಲ. ಅಕ್ಕಿ ನುಚ್ಚೂ ಆಗುತ್ತದೆ, ಆದರೆ ಪ್ರೊಟೀನ್ ಕಡಿಮೆ. ಅಕ್ಕಿ ತೌಡಿನಲ್ಲಿ ಎಣ್ಣೆ ಇರುವುದರಿಂದ ಬೇಗ ಕಮಟು ಹಿಡಿಯುತ್ತದೆ. ಓಟ್ಸ್‌ಗೆ ತನ್ನದೇ ಗ್ಲುಟೆನ್ ಸಮಸ್ಯೆ ಇಲ್ಲದಿದ್ದರೂ ಹೊಲದಲ್ಲಿ, ಗಿರಣಿಯಲ್ಲಿ ಗೋಧಿ ಬೆರೆತಿರುವುದು ಮಾಮೂಲಿ.

ಪ್ರೊಟೀನ್‌ಗೆ ಒಣ ಬಟಾಣಿ (ಶೇ. 22ರಷ್ಟು) ಮತ್ತು ಸೂರ್ಯಕಾಂತಿ ಹಿಂಡಿ. ಹಿಂಡಿಯಲ್ಲಿ ಒಂದು ಎಚ್ಚರಿಕೆ ಬೇಕು. ಸಿಪ್ಪೆ ತೆಗೆದು ಹಿಂಡಿದ್ದರಲ್ಲಿ ಪ್ರೊಟೀನ್ ಶೇ. 34ರವರೆಗೆ, ಕೆಲವೊಮ್ಮೆ ಇನ್ನೂ ಜಾಸ್ತಿ ಇರುತ್ತದೆ. ಸಿಪ್ಪೆ ಸಮೇತ ಹಿಂಡಿದ್ದರಲ್ಲಿ ಶೇ. 28 ಇದ್ದರೆ ಹೆಚ್ಚು, ಮಿಕ್ಕಿದ್ದು ನಾರು. ಚೀಟಿ ನೋಡದೆ ತರಬೇಡಿ.

ಅಲರ್ಜಿಯ ಮಟ್ಟಿಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಅದೇ ಗಾಣದಲ್ಲಿ ಕಡಲೆಕಾಯಿ, ಎಳ್ಳು, ಸೋಯಾ ಹಿಂಡುತ್ತಾರಾ? ಹಿಂಡುತ್ತಾರೆ ಅಂದರೆ ಆ ಹಿಂಡಿ ನಿಮಗೆ ಬೇಡ. ಹಾಗೆ ನೋಡಿದರೆ ಎಳ್ಳಿನ ಹಿಂಡಿ ಮೆಥಿಯೊನಿನ್‌ಗೆ ಬಹಳ ಒಳ್ಳೆಯದು. ಆದರೆ ಎಳ್ಳು ತಾನೇ ದೊಡ್ಡ ಅಲರ್ಜಿಕಾರಕ, ಅದಕ್ಕೇ ಈ ಪಟ್ಟಿಯಿಂದ ಹೊರಗಿಟ್ಟಿದ್ದೇನೆ.

ಮೀನಿನ ಪುಡಿಯ ಬದಲು ಬ್ಲ್ಯಾಕ್ ಸೋಲ್ಜರ್ ನೊಣದ ಒಣಗಿಸಿದ ಹುಳು ಈಗ ಸಿಗುತ್ತದೆ. ಪ್ರೊಟೀನ್ ಶೇ. 40ಕ್ಕಿಂತ ಜಾಸ್ತಿ, ಲೈಸಿನ್ ಕೂಡ ಚೆನ್ನಾಗಿದೆ, ಕೋಳಿಗಳಿಗೆ ಪ್ರಾಣ. ಆದರೆ ಸಿಗಡಿ, ಏಡಿ ಆಗದವರಿಗೆ, ಮನೆಧೂಳಿನ ನುಸಿಗೆ ಅಲರ್ಜಿ ಇರುವವರಿಗೆ ಕೀಟಗಳೂ ಆಗದಿರಬಹುದು. ಮೂರರಲ್ಲೂ ಟ್ರೊಪೊಮಯೋಸಿನ್ ಎಂಬ ಒಂದೇ ಬಗೆಯ ಪ್ರೊಟೀನ್ ಇರುವುದು ಇದಕ್ಕೆ ಕಾರಣ. ಜೊತೆಗೆ ಆ ಹುಳುಗಳನ್ನು ಏನು ಹಾಕಿ ಸಾಕಿದ್ದಾರೆ ಎಂದೂ ಕೇಳಿ. ಗೋಧಿ ಬೂಸಾದಲ್ಲಿ ಬೆಳೆದ ಹುಳುವಿನ ಪೊಟ್ಟಣದ ತಳದಲ್ಲಿ ಗೋಧಿ ಬೂಸಾವೇ ಇರಬಹುದು.

ಬಳಸಲೇಬಾರದ್ದು ಕೆಲವಿವೆ. ರಾಜ್ಮಾದಂಥ ಹುರುಳಿಕಾಯಿ ಜಾತಿಯ ಒಣಕಾಳುಗಳಲ್ಲಿ ಹಸಿಯಾಗಿದ್ದಾಗ ಲೆಕ್ಟಿನ್ ಎಂಬ ವಿಷವಿದೆ. ಚೆನ್ನಾಗಿ ಬೇಯಿಸದೆ ಒಂದು ಕಾಳೂ ಬೇಡ. ಒಣ ಬಟಾಣಿಯಲ್ಲಿ ಇಂಥ ಅಂಶಗಳು ಕಡಿಮೆ, ಹಾಗಾಗಿ ಮಿಶ್ರಣದ ನಾಲ್ಕನೇ ಒಂದು ಭಾಗದವರೆಗೆ ಹಸಿಯಾಗಿಯೇ ಒಡೆದು ಹಾಕಬಹುದು. ಹತ್ತಿಬೀಜದ ಹಿಂಡಿಯಲ್ಲಿ ಗಾಸಿಪೋಲ್ ಇರುತ್ತದೆ, ಮೊಟ್ಟೆಯ ಹಳದಿ ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ. ಅಗಸೆ ಬೀಜ ‘ಆರೋಗ್ಯಕರ’ ಅಂತ ಕೈ ತುಂಬ ಹಾಕುವವರಿದ್ದಾರೆ. ಅದರಲ್ಲಿ ಬಿ6 ಜೀವಸತ್ವವನ್ನು ತಡೆಯುವ ಅಂಶವಿದೆ, ಶೇ. 5 ದಾಟಿಸಬೇಡಿ. ಬೂಷ್ಟು ಹಿಡಿದ ಕಾಳು ಯಾವುದೇ ಇರಲಿ, ಎಷ್ಟೇ ಇರಲಿ, ಎಸೆಯಿರಿ. ತೊಳೆದು ಒಣಗಿಸಿದರೂ, ಹುರಿದರೂ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಪೂರ್ತಿ ಹೋಗುವುದಿಲ್ಲ.

ಸಣ್ಣ ಪೊಟ್ಟಣಗಳ ದೊಡ್ಡ ಕೆಲಸ

‘ನನ್ನ ಕೋಳಿಗೆ ಕೆಮಿಕಲ್ ಬೇಡ’ ಎಂದು ಪ್ರಿಮಿಕ್ಸ್ (ಜೀವಸತ್ವ, ಖನಿಜಗಳನ್ನು ಮೊದಲೇ ಬೆರೆಸಿಟ್ಟ ಪುಡಿ) ಬಿಡುವವರು ಬಹಳ. ಇಡೀ ದಿನ ಹುಲ್ಲು, ಹುಳು, ಬಿಸಿಲಿನಲ್ಲಿ ಓಡಾಡುವ ಕೋಳಿ ಸ್ವಲ್ಪ ಮಟ್ಟಿಗೆ ತಾನೇ ಸರಿದೂಗಿಸಿಕೊಳ್ಳುತ್ತದೆ, ನಿಜ. ಗೂಡಿನಲ್ಲೇ ಇರುವ ಕೋಳಿಗೆ ಆ ದಾರಿ ಇಲ್ಲ. ಕಾಳುಗಳಲ್ಲಿ ಬಿ12 ಇಲ್ಲ, ಡಿ3 ಇಲ್ಲ, ರೈಬೋಫ್ಲೇವಿನ್ ಸಾಲುವುದಿಲ್ಲ. ಡಿ ಜೀವಸತ್ವದಲ್ಲೂ ಕೋಳಿಗೆ ಡಿ3 ಆಗಬೇಕು, ಡಿ2 ಅದಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಲೇಯರ್ ಪ್ರಿಮಿಕ್ಸ್, ಅಂದರೆ ಮೊಟ್ಟೆ ಕೋಳಿಗೆಂದೇ ಮಾಡಿದ್ದು, ಹಾಕಿ. ಇದರಲ್ಲಿ ನಾನು ರಾಜಿ ಇಲ್ಲ ಅನ್ನುವವನು.

ಆದರೆ ಅಲರ್ಜಿಯ ಕಣ್ಣಿನಿಂದ ನೋಡಿದರೆ ಇಡೀ ಮಿಶ್ರಣದಲ್ಲಿ ಮೋಸ ಹೋಗುವ ಜಾಗ ಇದೇ. ಪೊಟ್ಟಣದಲ್ಲಿ ಜೀವಸತ್ವ ಇರುವುದು ಚಿಟಿಕೆಯಷ್ಟು. ಉಳಿದದ್ದು ಅದನ್ನು ಹೊರುವ ಪುಡಿ: ಗೋಧಿ ಬೂಸಾ, ಮೆಕ್ಕೆಜೋಳದ ದಿಂಡಿನ ಪುಡಿ, ಅಕ್ಕಿ ಹೊಟ್ಟು ಅಥವಾ ಸುಣ್ಣದ ಪುಡಿ. ಎ ಮತ್ತು ಡಿ3 ಜೀವಸತ್ವದ ಸಣ್ಣ ಮಣಿಗಳಿಗೆ ಪಿಷ್ಟ ಅಥವಾ ಜೆಲಾಟಿನ್ ಲೇಪ ಇರುತ್ತದೆ, ಜೆಲಾಟಿನ್ ಮೀನಿನದ್ದೂ ಇರಬಹುದು. ಇ ಜೀವಸತ್ವ ಸೋಯಾ ಎಣ್ಣೆಯಿಂದ ಬಂದದ್ದಾಗಿರಬಹುದು. ‘ಕ್ಯಾರಿಯರ್ ಏನು?’ ಎಂದು ತಯಾರಕರಿಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ತರಿಸಿಕೊಳ್ಳಿ. ಅಕ್ಕಿ ಹೊಟ್ಟು ಅಥವಾ ಸುಣ್ಣದ ಪುಡಿಯ ಮೇಲೆ ಮಾಡಿದ್ದು ಸಿಕ್ಕರೆ ಅದನ್ನೇ ಹಿಡಿದುಕೊಳ್ಳಿ.

ಕ್ಯಾಲ್ಸಿಯಂಗೆ ಸುಣ್ಣದ ಕಲ್ಲಿನ ಪುಡಿ ಸಾಕು, ಅದರಲ್ಲಿ ಶೇ. 38ರಷ್ಟು ಕ್ಯಾಲ್ಸಿಯಂ ಇದೆ. ಗೋಡೆಗೆ ಬಳಿಯುವ ಸುಣ್ಣ ಬೇರೆ, ಅದು ಬಾಯಿ, ಗಂಟಲು ಸುಡುತ್ತದೆ. ಆಹಾರ ದರ್ಜೆಯ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದೇ ಕೇಳಿ ತನ್ನಿ. ಕಪ್ಪೆಚಿಪ್ಪು ಮನೆಯಲ್ಲಿ ಯಾರಿಗಾದರೂ ಆಗದಿದ್ದರೆ ಅದರ ಪುಡಿಯ ತಂಟೆಗೆ ಹೋಗಬೇಡಿ. ರಂಜಕಕ್ಕೆ ಡಿಸಿಪಿ, ಅಂದರೆ ಡೈಕ್ಯಾಲ್ಸಿಯಂ ಫಾಸ್ಫೇಟ್. ಕಾಳುಗಳ ರಂಜಕದ ಬಹುಪಾಲು ಫೈಟೇಟ್ ಆಗಿ ಬಂದಿಯಾಗಿರುತ್ತದೆ, ಕೋಳಿಗೆ ಸಿಗುವುದು ಮೂರನೇ ಒಂದು ಭಾಗದಷ್ಟು.

10 ಕಿಲೊಗೆ ಲೆಕ್ಕ

ಇದರಲ್ಲಿ ಸೋಯಾ, ಮೆಕ್ಕೆಜೋಳ, ಗೋಧಿ, ಕಡಲೆಕಾಯಿ, ಎಳ್ಳು, ಮೀನು, ಹಾಲು ಯಾವುದೂ ಇಲ್ಲ.

- ಬಿಳಿ ಜೋಳ: 3 ಕಿಲೊ
- ಸಜ್ಜೆ: 1.5 ಕಿಲೊ
- ಒಣ ಬಟಾಣಿ: 2 ಕಿಲೊ
- ಸೂರ್ಯಕಾಂತಿ ಹಿಂಡಿ (ಶೇ. 34 ಪ್ರೊಟೀನ್): 1.5 ಕಿಲೊ
- ಬ್ಲ್ಯಾಕ್ ಸೋಲ್ಜರ್ ನೊಣದ ಒಣ ಹುಳು: 500 ಗ್ರಾಂ
- ಕುದುರೆ ಮಸಾಲೆ (ಲೂಸರ್ನ್ ಮೇವು) ಸೊಪ್ಪಿನ ಪುಡಿ: 300 ಗ್ರಾಂ
- ಸುಣ್ಣದ ಕಲ್ಲು: 850 ಗ್ರಾಂ (ಅರ್ಧ ನುಣ್ಣನೆ ಪುಡಿ, ಅರ್ಧ ತರಿ)
- ಡಿಸಿಪಿ: 120 ಗ್ರಾಂ
- ಸೂರ್ಯಕಾಂತಿ ಎಣ್ಣೆ: 140 ಗ್ರಾಂ
- ಉಪ್ಪು: 30 ಗ್ರಾಂ
- ಲೇಯರ್ ಪ್ರಿಮಿಕ್ಸ್: 50 ಗ್ರಾಂ
- ಡಿಎಲ್-ಮೆಥಿಯೊನಿನ್: 10 ಗ್ರಾಂ

ಪ್ರಿಮಿಕ್ಸ್ ಪೊಟ್ಟಣದ ಮೇಲೆ ಕಿಲೊಗೆ 5 ಗ್ರಾಂ ಎಂದಿದ್ದರೆ ಮಾತ್ರ ಈ 50 ಗ್ರಾಂ ಸರಿ. ಬೇರೆ ಅಳತೆ ಇದ್ದರೆ ಪೊಟ್ಟಣದ ಮಾತೇ ಕೊನೆ, ವ್ಯತ್ಯಾಸವನ್ನು ಜೋಳದಲ್ಲಿ ಸರಿಮಾಡಿ.

ಕೂಡಿಸಿ ನೋಡಿದರೆ ಪ್ರೊಟೀನ್ ಶೇ. 16.7ರ ಹತ್ತಿರ ಬರುತ್ತದೆ. ಲೈಸಿನ್ ಶೇ. 0.75, ಮೆಥಿಯೊನಿನ್ ಶೇ. 0.39ರ ಆಸುಪಾಸು. ಕ್ಯಾಲ್ಸಿಯಂ ಶೇ. 3.6ರ ಮೇಲಿದೆ. ಶಕ್ತಿ ಕಿಲೊಗೆ ಸುಮಾರು 2,600 ಕಿಲೊಕ್ಯಾಲೊರಿ, ರೆಡಿಮೇಡ್ ಆಹಾರಕ್ಕಿಂತ ತುಸು ಕಡಿಮೆ. ಕೋಳಿ ಶಕ್ತಿಯ ಲೆಕ್ಕದಲ್ಲಿ ತಿನ್ನುವುದರಿಂದ ದಿನಕ್ಕೆ ಒಂದಿಷ್ಟು ಗ್ರಾಂ ಹೆಚ್ಚು ತಿನ್ನುತ್ತದೆ, ಅಷ್ಟೇ. ಆರು ಕೋಳಿಗಳಿಗೆ ಈ 10 ಕಿಲೊ ಎರಡು ವಾರ ಬರುತ್ತದೆ.

ಎಣ್ಣೆ ಯಾಕೆ ಅಂದರೆ ಎರಡು ಕಾರಣ. ಮೆಕ್ಕೆಜೋಳದ ಜೊತೆ ಹೋದ ಲಿನೊಲಿಯಿಕ್ ಆಮ್ಲ ಎಂಬ ಕೊಬ್ಬಿನಂಶ ಸೂರ್ಯಕಾಂತಿ ಎಣ್ಣೆಯಿಂದ ವಾಪಸ್ ಬರುತ್ತದೆ, ಮೊಟ್ಟೆಯ ಗಾತ್ರಕ್ಕೆ ಅದು ಬೇಕು. ಇನ್ನೊಂದು, ಪುಡಿಗಳು ಕಾಳಿಗೆ ಅಂಟಿ ಧೂಳು ಏಳುವುದು ಕಡಿಮೆಯಾಗುತ್ತದೆ. ಅಲರ್ಜಿ ಇರುವ ಮನೆಗೆ ಎರಡನೆಯದೇ ದೊಡ್ಡ ಲಾಭ.

ಕುದುರೆ ಮಸಾಲೆ ಇರುವುದು ಮುಖ್ಯವಾಗಿ ಬಣ್ಣಕ್ಕೆ. ಮೆಕ್ಕೆಜೋಳ ಬಿಟ್ಟ ಕೋಳಿಯ ಮೊಟ್ಟೆಯ ಹಳದಿ ಬಿಳಿಚಿಕೊಳ್ಳುತ್ತದೆ. ಬಿಳಿಚಿದರೆ ಸತ್ವ ಕಡಿಮೆ ಎಂದೇನಲ್ಲ, ಆದರೆ ನೋಡಿದವರು ಮುಖ ಸಿಂಡರಿಸುತ್ತಾರೆ, ಅಲ್ವಾ? ಹಸಿರು ಸೊಪ್ಪು, ಒಣಗಿಸಿದ ಚೆಂಡುಹೂವಿನ ಎಸಳು ಹಾಕಿದರೂ ಬಣ್ಣ ಬರುತ್ತದೆ.

ಒಂದು ಸಾಮಗ್ರಿ ಆಗದಿದ್ದರೆ

ಹುಳು ಬೇಡ ಎನ್ನುವವರು 500 ಗ್ರಾಂ ಹುಳು ತೆಗೆದು, ಜೋಳದಲ್ಲೂ 250 ಗ್ರಾಂ ಕಡಿಮೆ ಮಾಡಿ. ಆ ಜಾಗಕ್ಕೆ 400 ಗ್ರಾಂ ಸೂರ್ಯಕಾಂತಿ ಹಿಂಡಿ, 350 ಗ್ರಾಂ ಬಟಾಣಿ ಹಾಕಿ. ಪ್ರೊಟೀನ್ ಶೇ. 16.4ಕ್ಕೆ ನಿಲ್ಲುತ್ತದೆ. ಈಗ ಮಿಶ್ರಣದಲ್ಲಿ ಪ್ರಾಣಿಮೂಲದ್ದು ಏನೂ ಇಲ್ಲ, ಹಾಗಾಗಿ ಪ್ರಿಮಿಕ್ಸ್‌ನಲ್ಲಿ ಬಿ12 ಇದೆಯಾ ಎಂದು ಮತ್ತೊಮ್ಮೆ ನೋಡಿ.

ಬಟಾಣಿ ಬಿಡುವುದು ಇದಕ್ಕಿಂತ ಕಷ್ಟ. ಕಡಲೆಕಾಯಿ, ಸೋಯಾ ಅಲರ್ಜಿ ಇರುವ ಕೆಲವರಿಗೆ ಬೇರೆ ಬೇಳೆಕಾಳುಗಳೂ ಆಗುವುದಿಲ್ಲ, ಆಗ ಬೇರೆ ದಾರಿಯಿಲ್ಲ. 2 ಕಿಲೊ ಬಟಾಣಿಯ ಬದಲು 500 ಗ್ರಾಂ ಸೂರ್ಯಕಾಂತಿ ಹಿಂಡಿ, 500 ಗ್ರಾಂ ಹುಳು, 1 ಕಿಲೊ ಸಜ್ಜೆ ಸೇರಿಸಿ. ಪ್ರೊಟೀನ್ ಶೇ. 17 ದಾಟುತ್ತದೆ, ನೋಡಲು ಚೆನ್ನಾಗಿದೆ. ಆದರೆ ಲೈಸಿನ್ ಶೇ. 0.65ಕ್ಕೆ ಇಳಿದಿರುತ್ತದೆ. 12 ಗ್ರಾಂ ಎಲ್-ಲೈಸಿನ್ ಪುಡಿ ಹಾಕಿದರೆ ಮತ್ತೆ ಮೇಲೆ ಬರುತ್ತದೆ. ಕುದುರೆ ಮಸಾಲೆಯೂ ಬೇಳೆಕಾಳಿನ ಕುಟುಂಬದ್ದೇ, ಅದರ ಬದಲು ನುಗ್ಗೆ ಸೊಪ್ಪಿನ ಪುಡಿ ಹಾಕಿ.

ಇನ್ನೇನಾದರೂ ಬದಲಿಸುವಿರಾದರೆ ಈ ಲೆಕ್ಕ ಕೈಯಲ್ಲಿರಲಿ. 10 ಕಿಲೊದಲ್ಲಿ ಖನಿಜ, ಎಣ್ಣೆ, ಪುಡಿಗಳಿಗೆ 1.2 ಕಿಲೊ ಹೋಗುತ್ತದೆ. ಉಳಿದ 8.8 ಕಿಲೊದಲ್ಲೇ ಪ್ರೊಟೀನ್ ಎಲ್ಲ ಬರಬೇಕು. ಅಂದರೆ ಆ 8.8 ಕಿಲೊ ಶೇ. 19ರಷ್ಟು ಇರಬೇಕು. ಧಾನ್ಯ ಶೇ. 10, ಪ್ರೊಟೀನ್ ಸಾಮಗ್ರಿಗಳ ಸರಾಸರಿ ಶೇ. 28 ಎಂದಿಟ್ಟುಕೊಳ್ಳಿ. 28ರಿಂದ 19 ಕಳೆದರೆ 9, ಇದು ಧಾನ್ಯದ ಪಾಲು. 19ರಿಂದ 10 ಕಳೆದರೆ 9, ಇದು ಪ್ರೊಟೀನ್ ಸಾಮಗ್ರಿಯ ಪಾಲು. ಸಮಸಮ ಬಂತು, ಎರಡೂ 4.4 ಕಿಲೊ. ಸಿಪ್ಪೆ ಸಮೇತದ ಹಿಂಡಿ ತಂದು ಸರಾಸರಿ 25ಕ್ಕೆ ಇಳಿದರೆ ಧಾನ್ಯ 6 ಪಾಲು, ಪ್ರೊಟೀನ್ 9 ಪಾಲು. ಇದರಿಂದ ಪ್ರೊಟೀನ್ ಮಾತ್ರ ಸರಿಯಾಗುತ್ತದೆ, ಅಮೈನೊ ಆಮ್ಲಗಳನ್ನು ಬೇರೆಯಾಗಿ ನೋಡಲೇಬೇಕು.

ಬೆರೆಸುವ ಕ್ರಮ

*ಒಂದು.* ಜಾಗ ಮತ್ತು ಪಾತ್ರೆ. ಅಡುಗೆ ಮನೆಯಲ್ಲಿ ಬೇಡ. ಗಾಳಿಯಾಡುವ ಹೊರಗಿನ ಜಾಗ, ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಬೀಸುತ್ತಿರಲಿ. ಎನ್95 ಮಾಸ್ಕ್, ಬೇರೆ ಅಂಗಿ. ಹಳೆಯ ಆಹಾರದ ಡ್ರಮ್ಮು, ಸೌಟು, ಬಟ್ಟಲು ಎಲ್ಲವನ್ನೂ ಸೋಪು ನೀರಿನಲ್ಲಿ ಉಜ್ಜಿ ತೊಳೆದು ಒಣಗಿಸಿ. ಗೀರು ಬಿದ್ದ ಪ್ಲಾಸ್ಟಿಕ್ ಡ್ರಮ್ಮಿನ ಗೀರಿನಲ್ಲಿ ಹಳೆ ಪುಡಿ ಕೂತಿರುತ್ತದೆ, ಅದನ್ನು ಬೇರೆ ಕೆಲಸಕ್ಕೆ ಇಡಿ. ಕೈಗೆ ಸ್ಯಾನಿಟೈಸರ್ ಹಚ್ಚಿದರೆ ಅಲರ್ಜಿಕಾರಕ ಹೋಗುವುದಿಲ್ಲ. ಸೋಪು, ನೀರೇ ಬೇಕು.

*ಎರಡು.* ಒಡೆಯುವುದು. ಜೋಳ, ಸಜ್ಜೆ, ಬಟಾಣಿಯನ್ನು ತರಿಯಾಗಿ ಒಡೆಯಿರಿ, 2ರಿಂದ 4 ಮಿಲಿಮೀಟರ್ ಇರಲಿ. ಹಿಟ್ಟು ಮಾಡಬೇಡಿ. ಹಿಟ್ಟು ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ, ಧೂಳೂ ಆಗುತ್ತದೆ. ಸಜ್ಜೆಯನ್ನು ಹಾಗೇ ಹಾಕಿದರೂ ನಡೆಯುತ್ತದೆ. ಎಲ್ಲರ ಗೋಧಿ ಬೀಸುವ ಗಿರಣಿಗೆ ಹೋದರೆ ಇಷ್ಟು ಹೊತ್ತು ಮಾಡಿದ ಜಾಗ್ರತೆ ನೀರುಪಾಲು. ಸ್ವಂತ ಒರಳೋ, ಚಿಕ್ಕ ಯಂತ್ರವೋ ಇದ್ದರೆ ಉತ್ತಮ. ಹಿಂದೆ ಅದರಲ್ಲಿ ಬೇರೆ ಏನಾದರೂ ಒಡೆದಿದ್ದರೆ ಬಿಚ್ಚಿ ಶುಚಿ ಮಾಡಿ, ಒಂದೆರಡು ಕಿಲೊ ಅಕ್ಕಿ ಹಾಯಿಸಿ, ಆ ಅಕ್ಕಿಯನ್ನು ಮಿಶ್ರಣಕ್ಕೆ ಬಳಸಬೇಡಿ.

*ಮೂರು.* ಚಿಕ್ಕದ್ದನ್ನು ಮೊದಲು ತೂಗಿ. ಮೆಥಿಯೊನಿನ್, ಉಪ್ಪು, ಪ್ರಿಮಿಕ್ಸ್‌ಗೆ 1 ಗ್ರಾಂ ತೋರಿಸುವ ತಕ್ಕಡಿ ಬೇಕು. ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ. ಉಪ್ಪು ಜಾಸ್ತಿಯಾದರೆ ಹಿಕ್ಕೆ ನೀರಾಗುತ್ತದೆ, ತುಂಬಾ ಜಾಸ್ತಿಯಾದರೆ ಕೋಳಿ ಸಾಯುತ್ತದೆ. ಮೆಥಿಯೊನಿನ್ ಕೂಡ ಮಿತಿ ಮೀರಿದರೆ ಕೆಡುಕು.

*ನಾಲ್ಕು.* ಹಂತ ಹಂತವಾಗಿ ಹಿಗ್ಗಿಸಿ. ಈ ಹಂತವನ್ನು ಅವಸರ ಮಾಡುವವರೇ ಜಾಸ್ತಿ. 10 ಗ್ರಾಂ ಪುಡಿಯನ್ನು ನೇರವಾಗಿ 10 ಕಿಲೊಗೆ ಸುರಿದರೆ ಒಂದು ಕೋಳಿಗೆ ಎಲ್ಲ, ಇನ್ನೊಂದಕ್ಕೆ ಏನೂ ಇಲ್ಲ. ಮೆಥಿಯೊನಿನ್, ಉಪ್ಪು, ಪ್ರಿಮಿಕ್ಸನ್ನು ನುಣ್ಣನೆ ಸುಣ್ಣದ ಪುಡಿಯ ಒಂದು ಹಿಡಿಯ ಜೊತೆ ಬೆರೆಸಿ. ಅದಕ್ಕೆ ಉಳಿದ ನುಣ್ಣನೆ ಸುಣ್ಣ, ಡಿಸಿಪಿ. ಆಮೇಲೆ ಸೊಪ್ಪಿನ ಪುಡಿ. ಆಮೇಲೆ ಸೂರ್ಯಕಾಂತಿ ಹಿಂಡಿ. ಪ್ರತಿ ಸಲವೂ ಬಣ್ಣ ಒಂದೇ ಸಮ ಆಗುವವರೆಗೆ ತಿರುವಿ.

*ಐದು.* ಒಡೆದ ಕಾಳನ್ನು ಇನ್ನೊಂದು ದೊಡ್ಡ ಡ್ರಮ್ಮಿನಲ್ಲಿ ಹಾಕಿ ಎಣ್ಣೆ ಚಿಮುಕಿಸಿ ಕಲಸಿ. ಎಲ್ಲ ಕಾಳಿಗೂ ಎಣ್ಣೆಯ ಹೊಳಪು ಬಂದ ಮೇಲೆ ನಾಲ್ಕನೇ ಹಂತದ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಬೆರೆಸಿ. ಎಣ್ಣೆ ಕೊನೆಗೆ ಹಾಕಿದರೆ ಪುಡಿ ಉಂಡೆ ಕಟ್ಟುತ್ತದೆ. ಹುಳು ಮತ್ತು ಸುಣ್ಣದ ತರಿ ಕೊನೆಗೆ.

*ಆರು.* ಗಾಳಿಯಾಡದ ಮುಚ್ಚಳದ ಡಬ್ಬ, ನೆಲದಿಂದ ಮೇಲೆ, ಬಿಸಿಲು ಬೀಳದ ತಂಪು ಜಾಗ. ಮೇಲೆ ದಿನಾಂಕ ಮತ್ತು ಒಳಗೇನಿದೆ ಎಂದು ಬರೆಯಿರಿ. ಕಾಳಿನ ತೇವ ಶೇ. 12ರ ಒಳಗಿರಲಿ, ಹಲ್ಲಿಗೆ ಇಟ್ಟರೆ ಕಟಕ್ಕೆಂದು ಒಡೆಯಬೇಕು. ಎರಡು ಮೂರು ವಾರದಲ್ಲಿ ಮುಗಿಯುವಷ್ಟೇ ಬೆರೆಸಿ. ಒಡೆದ ಕಾಳಿನ ಎಣ್ಣೆ ಕಮಟಾಗುತ್ತದೆ, ಜೀವಸತ್ವಗಳೂ ಕರಗುತ್ತಾ ಹೋಗುತ್ತವೆ. ಇಡೀ ಕಾಳನ್ನು ಬೇಕಾದರೆ ತಿಂಗಳುಗಟ್ಟಲೆ ಇಡಬಹುದು.

ಹಾಕುವಾಗ

ಒಂದೇ ದಿನ ಬದಲಿಸಬೇಡಿ. ಮೊದಲ ಎರಡು ಮೂರು ದಿನ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹತ್ತನೇ ದಿನಕ್ಕೆ ಪೂರ್ತಿ. ಆದರೆ ಅಲರ್ಜಿ ಇರುವವರೇ ಮೇವು ಹಾಕುವವರಾಗಿದ್ದರೆ ಈ ಹತ್ತು ದಿನ ಇನ್ನೊಬ್ಬರು ಆ ಕೆಲಸ ಮಾಡಲಿ, ಹಳೆಯದು ಇನ್ನೂ ಬಟ್ಟಲಲ್ಲಿದೆ.

ಕೋಳಿ ದೊಡ್ಡ ಕಾಳು ಆರಿಸಿ ತಿಂದು ಪುಡಿಯನ್ನು ತಳದಲ್ಲಿ ಬಿಡುತ್ತದೆ. ಪ್ರಿಮಿಕ್ಸ್ ಇರುವುದು ಆ ಪುಡಿಯಲ್ಲೇ. ದಿನಕ್ಕೆ ಬೇಕಾದಷ್ಟೇ ಹಾಕಿ, ಬಟ್ಟಲು ಖಾಲಿಯಾದ ಮೇಲೆ ಮತ್ತೆ ಹಾಕಿ. ಇಲ್ಲವೇ ಸ್ವಲ್ಪ ನೀರು ಚಿಮುಕಿಸಿ ಉದುರುದುರಾಗಿ ಕಲಸಿ ಕೊಡಿ. ಒದ್ದೆ ಆಹಾರದಲ್ಲಿ ಧೂಳಿನ ಪ್ರಶ್ನೆಯೇ ಇಲ್ಲ. ಒದ್ದೆ ಮಾಡಿದ್ದನ್ನು ಸಂಜೆಯೊಳಗೆ ತೆಗೆದುಬಿಡಿ, ಬಿಸಿ ದಿನಗಳಲ್ಲಿ ಇನ್ನೂ ಬೇಗ. ತರಿ ಕಾಳು ಅರೆಯಲು ಕೋಳಿಯ ಹೊಟ್ಟೆಗೆ ಗಟ್ಟಿ ಕಲ್ಲಿನ ಚೂರು ಬೇಕು. ಸುಣ್ಣದ ತರಿ ಕರಗಿಹೋಗುತ್ತದೆ, ಅದು ಈ ಕೆಲಸಕ್ಕೆ ಬರುವುದಿಲ್ಲ. ಗ್ರಾನೈಟ್ ತರಿಯ ಬಟ್ಟಲು ಬೇರೆ ಇಡಿ. ತಿಂದದ್ದರ ಎರಡರಷ್ಟು ನೀರು ಕುಡಿಯುತ್ತವೆ, ನೀರು ಖಾಲಿಯಾಗದಿರಲಿ.

ಇಷ್ಟು ಮಾಡಿದ ಮೇಲೂ ಗೋಧಿ, ಸೋಯಾ ಹಿಂಬಾಗಿಲಿನಿಂದ ಬರುವ ದಾರಿಗಳಿವೆ. ಉಳಿದ ಬ್ರೆಡ್ ತುಂಡು, ಬಿಸ್ಕತ್ತು, ಮಕ್ಕಳು ಪ್ರೀತಿಯಿಂದ ಎಸೆಯುವ ತಿಂಡಿ. ಗೂಡಿಗೆ ಹಾಸಿದ ಗೋಧಿ ಹುಲ್ಲಿನಲ್ಲಿ ಉಳಿದ ಕಾಳು. ಹಾಡುಹಕ್ಕಿಗಳಿಗೆಂದು ತೂಗುಹಾಕಿದ ಕಾಳಿನ ಬುಟ್ಟಿಯ ಕೆಳಗೆ ಬೀಳುವ ಕಡಲೆಕಾಯಿ ಚೂರು. ಹಾಸಿಗೆಗೆ ಮರದ ಹೊಟ್ಟು ಬಳಸಿ. ಅಡುಗೆ ಮನೆಯ ಉಳಿಕೆ ಒಟ್ಟು ಆಹಾರದ ಹತ್ತನೇ ಒಂದು ಭಾಗ ದಾಟದಿರಲಿ. ಬೆಣ್ಣೆಹಣ್ಣಿನ ಸಿಪ್ಪೆ, ಹಸಿರಾದ ಆಲೂಗಡ್ಡೆ, ಚಾಕೊಲೇಟ್ ಅಲರ್ಜಿ ಇಲ್ಲದ ಮನೆಯ ಕೋಳಿಗೂ ವಿಷವೇ.

ಮೊಟ್ಟೆ ಪರೀಕ್ಷೆಗೆ ಎಷ್ಟು ದಿನ ಕಾಯಬೇಕು?

ಹಳದಿ ಭಾಗ ಒಂದೇ ದಿನದಲ್ಲಿ ಆಗುವುದಿಲ್ಲ. ಅದರ ಬಹುಪಾಲು ತುಂಬಿಕೊಳ್ಳುವುದು ಮೊಟ್ಟೆ ಇಡುವುದಕ್ಕೆ ಮೊದಲಿನ ಸುಮಾರು ಹತ್ತು ದಿನಗಳಲ್ಲಿ. ಆಮೇಲೆ ಬಿಳಿ ಮತ್ತು ಚಿಪ್ಪು ಕಟ್ಟಲು ಇನ್ನೊಂದು ದಿನ. ಹಾಗಾಗಿ ಪೂರ್ತಿ ಹೊಸ ಆಹಾರಕ್ಕೆ ಬಂದ ಮೇಲೂ ಎರಡು ವಾರದ ಮೊಟ್ಟೆಯಲ್ಲಿ ಹಳೆಯ ಆಹಾರದ ಪಾಲಿದೆ. ಮೂರು ವಾರ ಕಳೆಯಲಿ. ಆ ಮೂರು ವಾರದ ಮೊಟ್ಟೆಗಳನ್ನು ಮನೆಯ ಉಳಿದವರು ತಿನ್ನಲಿ.

ಅಷ್ಟರಲ್ಲಿ ಕೋಳಿಯೇ ಮಿಶ್ರಣದ ಬಗ್ಗೆ ಹೇಳತೊಡಗುತ್ತದೆ. ಚಿಪ್ಪು ತೆಳುವಾದರೆ ಮೊದಲು ಸುಣ್ಣದ ತರಿ ಬಟ್ಟಲಲ್ಲಿ ಬೇರೆ ಇಟ್ಟು ನೋಡಿ, ಆಮೇಲೆ ಡಿ3 ಕಡೆ ಗಮನ ಕೊಡಿ. ಒಂದರ ಪುಕ್ಕ ಒಂದು ಕೀಳುತ್ತಿದ್ದರೆ, ಮೊಟ್ಟೆ ಚಿಕ್ಕದಾಗುತ್ತಿದ್ದರೆ, ಮೊಟ್ಟೆ ಒಡೆದು ತಿನ್ನುತ್ತಿದ್ದರೆ ಮೆಥಿಯೊನಿನ್ ಅಥವಾ ಒಟ್ಟು ಪ್ರೊಟೀನ್ ಸಾಲುತ್ತಿಲ್ಲ ಎಂಬ ಅನುಮಾನ ಮೊದಲು ಬರಬೇಕು. ಎದೆಮೂಳೆ ಕೈಗೆ ಚೂಪಾಗಿ ಸಿಕ್ಕರೆ ಶಕ್ತಿ ಕಡಿಮೆ, ಎಣ್ಣೆ 60 ಗ್ರಾಂ ಹೆಚ್ಚಿಸಿ. ಎದೆಮೂಳೆ ಮಾಂಸದಲ್ಲಿ ಹುದುಗಿ, ಹೊಟ್ಟೆಯ ಕೆಳಗೆ ಕೊಬ್ಬು ಜೋತರೆ ಧಾನ್ಯ ಇಳಿಸಿ.

ಮೊಟ್ಟೆ ನಿಂತುಹೋದರೆ ಮಾತ್ರ ತಕ್ಷಣ ಆಹಾರವನ್ನು ದೂರಬೇಡಿ. ಪುಕ್ಕ ಬದಲಿಸುವ ಕಾಲವಾ, ಹಗಲು ಚಿಕ್ಕದಾಗಿದೆಯಾ, ಮೈಯಲ್ಲಿ ಹೇನು ಇದೆಯಾ ನೋಡಿ. ಮೊಟ್ಟೆ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು, ಅದಿಲ್ಲದಿದ್ದರೆ ಎಂಥ ಆಹಾರ ಹಾಕಿದರೂ ಇಳುವರಿ ಇಳಿಯುತ್ತದೆ. ಮಿಶ್ರಣ ತಿದ್ದುವುದಾದರೆ ಒಂದು ಸಲಕ್ಕೆ ಒಂದೇ ಸಾಮಗ್ರಿ ಬದಲಿಸಿ, ಮೂರು ವಾರ ಬಿಟ್ಟು ನೋಡಿ. ಆಮೇಲೆ ಬೇಕಾದರೆ ಮುಂದಿನದು.